ಪುನರ್ವಸು ಮಳೆಯಲ್ಲಿ ಬೆಣ್ಣೆ ತೆಗೆದ ಲೆಕ್ಕ: ಕೆನೆಯಿಂದ ತುಪ್ಪ, ಚಕ್ಕುಲಿ, ಹಾಲುಬಾಯಿವರೆಗೆ

ಮಲೆನಾಡಿನ ಮಳೆಗಾಲದಲ್ಲಿ ಬೆಣ್ಣೆ ಕೈಕೊಡುತ್ತದೆ. ಹೆಪ್ಪು ಹಾಕಿದ ಹಾಲು ಬೆಳಗಾದರೂ ಹಾಲಾಗಿಯೇ ಇರುತ್ತದೆ. ಕಡೆದಷ್ಟೂ ನೊರೆ ಏಳುತ್ತದೆಯೇ ಹೊರತು ಬೆಣ್ಣೆ ಕೂಡುವುದಿಲ್ಲ. ಬಯಲುಸೀಮೆಯ ಬೇಸಿಗೆಗೆ ಸರಿಹೋಗುವ ‘ಐಸ್ ನೀರು ಹಾಕಿ ಕಡೆಯಿರಿ’ ಎಂಬ ಮಾತನ್ನು ಹೊಸನಗರದ ಜುಲೈ ತಿಂಗಳಿಗೆ ಹಚ್ಚಿದರೆ ಇರುವ ಕೆಲಸವೂ ಕೆಡುತ್ತದೆ. ಈ ಸಲ ಥರ್ಮಾಮೀಟರ್ ಮತ್ತು ತಕ್ಕಡಿ ಇಟ್ಟುಕೊಂಡು 3 ವಾರ ಪ್ರತಿ ಹಂತವನ್ನೂ ಬರೆದಿಟ್ಟಾಗ ತಿಳಿದದ್ದು ಇಷ್ಟು: ಕೆಟ್ಟದ್ದೆಲ್ಲ ಬಹುಪಾಲು ಬಿಸಿಯ ಲೆಕ್ಕ ತಪ್ಪಿ ಕೆಟ್ಟದ್ದು. ಎಲ್ಲಿ ಎಷ್ಟು ಡಿಗ್ರಿ ಇತ್ತು, ಏನು ಆಯಿತು ಎಂಬುದನ್ನು ದಿನದ ಕ್ರಮದಲ್ಲೇ ಕೊಟ್ಟಿದೆ.

ಸಾಮಾನು ಮತ್ತು ಖರ್ಚು

ಹಾಲು: ಹತ್ತಿರದ ಕೊಟ್ಟಿಗೆಯಿಂದ ಕರೆದ ಹಸುವಿನ ಹಾಲು, ದಿನಕ್ಕೆ ಒಂದೂವರೆ ಲೀಟರ್, ಲೀಟರಿಗೆ 50 ರೂಪಾಯಿ. ಮೊಸರು ಕಡೆಯುವ ಪ್ರಯೋಗಕ್ಕೆ ಬೇರೆಯಾಗಿ 4 ಲೀಟರ್. ಗ್ರಾಂ ಲೆಕ್ಕದ ಡಿಜಿಟಲ್ ತಕ್ಕಡಿ 350 ರೂಪಾಯಿ, ಅಡುಗೆಯ ಕಡ್ಡಿ ಥರ್ಮಾಮೀಟರ್ 400 ರೂಪಾಯಿ. ಉಳಿದದ್ದು ಮನೆಯಲ್ಲಿದ್ದದ್ದೇ: ಕಡೆಗೋಲು, 8 ಲೀಟರಿನ ಪಾತ್ರೆ, ಮಿಕ್ಸಿಯ ದೊಡ್ಡ ಜಾರು, ಕಂಚಿನ ಉರುಳಿ, ದಪ್ಪ ತಳದ ಸ್ಟೀಲ್ ಪಾತ್ರೆ, ಚಕ್ಕುಲಿ ಒತ್ತು, ತೆಳು ಪಂಚೆಯ ತುಂಡು.

ಪ್ಯಾಕೆಟ್ ಹಾಲಿನಲ್ಲಿ ಮಾಡುವವರು ಮೊದಲು ಪ್ಯಾಕೆಟ್ ಓದಿಕೊಳ್ಳಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ. 6. ಅಂದರೆ ಅದೇ ಶ್ರಮಕ್ಕೆ ಎರಡು ಪಟ್ಟು ಬೆಣ್ಣೆಯ ವ್ಯತ್ಯಾಸ. ‘ಹೋಮೊಜನೈಸ್ಡ್’ ಎಂದು ಬರೆದಿದ್ದರೆ ಆ ಹಾಲಿನ ಕೊಬ್ಬಿನ ಹನಿಗಳನ್ನು ಒಡೆದು ಸಣ್ಣ ಮಾಡಿರುತ್ತಾರೆ, ಅವು ಮೇಲೆ ಬಂದು ಕೆನೆ ಕಟ್ಟುವುದಿಲ್ಲ. ಎಷ್ಟು ಕಾಯಿಸಿದರೂ ತೆಳು ಪದರವಷ್ಟೇ ಸಿಗುತ್ತದೆ. ಅಂಥ ಹಾಲು ಕುಡಿಯಲಿಕ್ಕೆ ಚೆನ್ನ, ಈ ಕೆಲಸಕ್ಕೆ ಬೇಡ.

ದಿನ 1ರಿಂದ 7: ಮೊದಲ ಕೆನೆ, ಪೂರ್ತಿ ನಷ್ಟ

ಹಾಲನ್ನು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 6 ನಿಮಿಷ ಬಿಟ್ಟು, ಅರೆ ಮುಚ್ಚಿ ಆರಿಸಿ, ಫ್ರಿಜ್ಜಿನಲ್ಲಿ 8 ಗಂಟೆ ಅಲುಗಾಡಿಸದೆ ಇಟ್ಟು, ಮರುದಿನ ಬೆಳಗ್ಗೆ ಚಪ್ಪಟೆ ಸೌಟಿನಲ್ಲಿ ಕೆನೆ ತೆಗೆದದ್ದು. ದಿನಕ್ಕೆ 60ರಿಂದ 68 ಗ್ರಾಂ ಬಂತು. ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಗೆ ಸೇರಿಸುತ್ತಾ ಫ್ರಿಜ್ಜಿನಲ್ಲೇ ಇಟ್ಟೆವು. ಹೆಪ್ಪು ಹಾಕಲಿಲ್ಲ. ತಪ್ಪಾದದ್ದು ಇಲ್ಲಿಯೇ.

7ನೇ ದಿನ ಡಬ್ಬಿ ತೆರೆದಾಗ ಮೇಲಿನ ಕೆನೆ ಚೆನ್ನಾಗಿತ್ತು. ತಳದ್ದನ್ನು ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟರೆ ಕಹಿ, ಹಳೆ ಮುಗ್ಗಲು ವಾಸನೆ. ಸಿಹಿ ಕೆನೆ, ಅಂದರೆ ಹೆಪ್ಪು ಹಾಕದ ಕೆನೆ, ಫ್ರಿಜ್ಜಿನ ಚಳಿಯಲ್ಲಿ ಹುಳಿಯಾಗುವುದಿಲ್ಲ ನಿಜ, ಆದರೆ ಚಳಿಯಲ್ಲೂ ಬೆಳೆಯುವ ಬೇರೆ ಸೂಕ್ಷ್ಮಜೀವಿಗಳು ಕೊಬ್ಬನ್ನೂ ಪ್ರೋಟೀನನ್ನೂ ಒಡೆಯುತ್ತವೆ. ಕಹಿ ಬರುವುದು ಅದರಿಂದ. ಹೆಪ್ಪಿನ ಹುಳಿ ಇದ್ದರೆ ಅವುಗಳಿಗೆ ಎಡೆ ಸಿಗುವುದಿಲ್ಲ.

ಕಡೆದರೆ ಸರಿಹೋದೀತು ಎಂದು ಕಡೆದೆವು. 240 ಗ್ರಾಂ ಬೆಣ್ಣೆ ಬಂತು, 6 ಸಲ ತೊಳೆದರೂ ಕಹಿ ಹೋಗಲಿಲ್ಲ. ಕಾಯಿಸಿದರೆ ಸರಿಹೋದೀತು ಎಂದು ಕಾಯಿಸಿದೆವು, ತುಪ್ಪಕ್ಕೂ ಅದೇ ವಾಸನೆ. ಕಾಯಿಸಿದರೆ ನೀರು ಹೋಗುತ್ತದೆ, ಕೆಟ್ಟ ಕೊಬ್ಬು ಹೋಗುವುದಿಲ್ಲ. ಆ ತುಪ್ಪ ದೇವರ ದೀಪಕ್ಕೆ ಸಂದಿತು. ಕೆನೆ ಕಹಿಯಾಗಿದೆ ಎಂದು ಗೊತ್ತಾದ ಕ್ಷಣವೇ ನಿಲ್ಲಿಸಬೇಕಿತ್ತು. ಮುಂದಿನ ಎರಡು ಗಂಟೆಯ ಕೆಲಸ ಮತ್ತು ಗ್ಯಾಸು ದಂಡ.

ದಿನ 8: ಎರಡನೇ ಕೆನೆಗೆ ಮೊದಲ ದಿನವೇ ಹೆಪ್ಪು

ಡಬ್ಬಿಯನ್ನು ಕುದಿನೀರಲ್ಲಿ ತೊಳೆದು ಒರೆಸಿ, ಮೊದಲ ದಿನದ ಕೆನೆಗೆ 2 ಚಮಚ ತಾಜಾ ಗಟ್ಟಿ ಮೊಸರು ಬೆರೆಸಿ, ಒಲೆಯ ಪಕ್ಕ 5 ಗಂಟೆ ಇಟ್ಟು, ಹುಳಿ ವಾಸನೆ ಬಂದ ಮೇಲೆ ಫ್ರಿಜ್ಜಿಗೆ. ಮುಂದಿನ ಪ್ರತಿದಿನದ ಕೆನೆಯನ್ನು ಅದಕ್ಕೇ ಸೇರಿಸಿ ಸ್ವಚ್ಛ ಚಮಚದಲ್ಲಿ ತಳದಿಂದ ಮೇಲಕ್ಕೆ ತಿರುವಬೇಕು. ತಿರುವದೆ ಮೇಲೆ ಮೇಲೆ ಹಾಕುತ್ತಾ ಹೋದರೆ ಹೊಸ ಕೆನೆಗೆ ಹೆಪ್ಪು ತಾಗುವುದೇ ಇಲ್ಲ. 7 ದಿನಕ್ಕಿಂತ ಹೆಚ್ಚು ಕೂಡಿಡುವುದು ಬೇಡ. ಅಷ್ಟು ಹಾಲು ಇಲ್ಲದ ಮನೆಯವರು ಕೆನೆಯನ್ನು ಫ್ರೀಜರಿನಲ್ಲಿ ಕೂಡಿಟ್ಟು, ಕಡೆಯುವ ಹಿಂದಿನ ದಿನ ಕರಗಿಸಿ ಹೆಪ್ಪು ಹಾಕಬಹುದು.

ದಿನ 10, 11: ಕಟ್ಟದ ಮೊಸರು

ಕೆನೆಯ ಬದಲು ಇಡೀ ಹಾಲಿಗೆ ಹೆಪ್ಪು ಹಾಕಿ ಕಡೆಯುವ ಹಳೆಯ ಕ್ರಮವನ್ನೂ ಹೋಲಿಸಿ ನೋಡಲು 4 ಲೀಟರ್ ಹಾಲು ತಂದದ್ದು. ರಾತ್ರಿ 9 ಗಂಟೆಗೆ ಹಾಲು 30 ಡಿಗ್ರಿಗೆ ಇಳಿದಾಗ 4 ಚಮಚ ಹೆಪ್ಪು ಹಾಕಿ ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ ಮುಚ್ಚಿಟ್ಟೆವು. ಹೊರಗೆ ಹಿಡಿದ ಮಳೆ, ಒಳಗೆ 20 ಡಿಗ್ರಿ. ಬೆಳಗ್ಗೆ 7ಕ್ಕೆ ನೋಡಿದರೆ ಹಾಲು ಹಾಲಾಗಿಯೇ ಇತ್ತು, ಅಂಚಿನಲ್ಲಿ ಮಾತ್ರ ಸ್ವಲ್ಪ ಲೋಳೆ. ಪಾತ್ರೆಯನ್ನು ಬಚ್ಚಲ ಒಲೆಯ ಪಕ್ಕಕ್ಕೆ ಒಯ್ದಿಟ್ಟ ಮೇಲೆ ಮಧ್ಯಾಹ್ನದ ಹೊತ್ತಿಗೆ ಕಟ್ಟಿತು. ಆದರೆ ನೀರು ಬೇರೆ, ಗಡ್ಡೆ ಬೇರೆ, ಎಳೆಎಳೆ. ಅದನ್ನು ಮನೆ ಬಳಕೆಗೆ ಬಿಟ್ಟು ಮತ್ತೆ 4 ಲೀಟರ್ ಹಾಲು ತರಬೇಕಾಯಿತು. 200 ರೂಪಾಯಿ ಹೆಚ್ಚುವರಿ.

ಹಾಲು ಕೊಡುವ ಮನೆಯ ಅಮ್ಮ ಕೇಳಿದ ಕೂಡಲೇ ಹೇಳಿದರು: “ಮಳೆಗಾಲ್ದಲ್ಲಿ ಹೆಪ್ಪು ಹಾಕಿದ್ರೆ ಸಾಲ್ದು ಮಾರಾಯ್ರೇ, ಅದನ್ನ ಬೆಚ್ಚಗೆ ಮಲಗಿಸ್ಬೇಕು.” ಅಷ್ಟೇ ಗುಟ್ಟು.

11ನೇ ದಿನದ ರಾತ್ರಿ: ಹಾಲು 40 ಡಿಗ್ರಿ ಇದ್ದಾಗಲೇ ಹೆಪ್ಪು ಹಾಕಿ, ಪಾತ್ರೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಅಕ್ಕಿ ತುಂಬಿದ ಡ್ರಮ್ಮಿನೊಳಗೆ ಕುತ್ತಿಗೆಯವರೆಗೆ ಹೂತು, ಮೇಲೆ ಕಂಬಳಿ ಹೊದಿಸಿದ್ದು. ಅಕ್ಕಿ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಬೆಳಗ್ಗೆ 6ಕ್ಕೆ ತೆಗೆದಾಗ ಒಳಗೆ ಇನ್ನೂ 31 ಡಿಗ್ರಿ. ಮೊಸರು ಪಾತ್ರೆಯನ್ನು ಓರೆ ಮಾಡಿದರೂ ಜಾರದಷ್ಟು ಗಟ್ಟಿ, ಮೇಲೆ ಹಳದಿ ಕೆನೆಯ ಚಾಪೆ. ಹೆಪ್ಪಿನ ಪ್ರಮಾಣ ಎರಡು ದಿನವೂ ಒಂದೇ. ಮಳೆಗಾಲಕ್ಕೆಂದು ಹೆಪ್ಪು ಜಾಸ್ತಿ ಹಾಕಿದರೆ ಹುಳಿ ಜಾಸ್ತಿಯಾಗುತ್ತದೆ, ಗಟ್ಟಿ ಜಾಸ್ತಿಯಾಗುವುದಿಲ್ಲ.

ದಿನ 12: ಕಡೆಗೋಲು

ಕಟ್ಟಿದ ಮೊಸರನ್ನು ಆರಲು ಹೊರಗೆ ಇಟ್ಟದ್ದು ಮಧ್ಯಾಹ್ನದವರೆಗೂ ಹಾಗೇ ಉಳಿದು 19 ಡಿಗ್ರಿಗೆ ಇಳಿದುಬಿಟ್ಟಿತು. ಬೇರೆ ನೀರು ಸೇರಿಸದೆ 8 ಲೀಟರ್ ಪಾತ್ರೆಯಲ್ಲಿ ಕಡೆಯಲು ಶುರು. ಪಾತ್ರೆ ಅರ್ಧ ಖಾಲಿ ಇರಲೇಬೇಕು, ಇಲ್ಲವಾದರೆ ನೊರೆ ಉಕ್ಕಿ ನೆಲಕ್ಕೆ ಹೋಗುತ್ತದೆ.

15 ನಿಮಿಷ: ನೊರೆ. 30 ನಿಮಿಷ: ಗಟ್ಟಿ ನೊರೆ. 45 ನಿಮಿಷ: ಅದೇ ನೊರೆ, ತೋಳು ಸೋತಿತು. ಕೊಬ್ಬಿನ ಹನಿಗಳು ಇಷ್ಟು ತಣ್ಣಗಿದ್ದಾಗ ಗಟ್ಟಿಯಾಗಿ, ಒಂದಕ್ಕೊಂದು ಡಿಕ್ಕಿ ಹೊಡೆದರೂ ಅಂಟಿಕೊಳ್ಳುವುದಿಲ್ಲ. ಇಲ್ಲಿ ಐಸ್ ನೀರು ಹಾಕಿದ್ದರೆ ಸಂಜೆಯವರೆಗೂ ಕಡೆಯಬೇಕಿತ್ತು.

ಅರ್ಧ ಲೀಟರ್ ನೀರನ್ನು 45 ಡಿಗ್ರಿಗೆ ಬಿಸಿಮಾಡಿ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಸುರಿದೆವು. ಮೊಸರು 22 ಡಿಗ್ರಿಗೆ ಬಂತು. ಕುದಿನೀರು ಒಮ್ಮೆಲೇ ಹಾಕಬಾರದು, ಬಿದ್ದ ಜಾಗದಲ್ಲಿ ಬೆಣ್ಣೆ ಕರಗಿ ಎಣ್ಣೆಯಾಗಿ ಮಜ್ಜಿಗೆಯಲ್ಲಿ ಸೇರಿಹೋಗುತ್ತದೆ, ಮತ್ತೆ ಕೈಗೆ ಸಿಗುವುದಿಲ್ಲ. ಮುಂದೆ 8 ನಿಮಿಷ ಕಡೆಯುವಷ್ಟರಲ್ಲಿ ಸದ್ದು ಬದಲಾಯಿತು. ಅಷ್ಟು ಹೊತ್ತು ಮೆತ್ತಗೆ ಸರಿಯುತ್ತಿದ್ದ ಕಡೆಗೋಲು ನೀರಿಗೆ ಬಡಿದಂತೆ ಜಳಜಳ ಎನ್ನತೊಡಗಿತು. ನೊರೆ ಕುಸಿಯಿತು. ಕಡೆಗೋಲಿನ ಹಲ್ಲುಗಳ ಸಂದಿಯಲ್ಲಿ ಸಾಸಿವೆ ಕಾಳಿನಂಥ ಹಳದಿ ಕಣಗಳು, ಮತ್ತೆರಡು ಸುತ್ತಿಗೆ ಅವೇ ಜೋಳದ ಕಾಳಿನಷ್ಟಾದವು. ಅಲ್ಲಿಗೆ ನಿಲ್ಲಿಸಬೇಕು. ದೊಡ್ಡ ಉಂಡೆಯಾಗುವವರೆಗೆ ಕಡೆದರೆ ಒಳಗೆ ಮಜ್ಜಿಗೆ ಸಿಕ್ಕಿಕೊಳ್ಳುತ್ತದೆ, ತೊಳೆದರೂ ಹೊರಬರುವುದಿಲ್ಲ, ಬೆಣ್ಣೆ ಎರಡು ದಿನಕ್ಕೆ ಹುಳಿ ನಾರುತ್ತದೆ.

ಒಂದು ಬಟ್ಟಲು ತಣ್ಣೀರು ಚಿಮುಕಿಸಿ 5 ನಿಮಿಷ ಬಿಟ್ಟು, ತೇಲಿದ ಕಣಗಳನ್ನು ಒದ್ದೆ ಕೈಯಲ್ಲಿ ಬಾಚಿ ತೆಗೆದದ್ದು. ಐಸ್ ನೀರಿನ ಸರದಿ ಈಗ, ತೊಳೆಯುವಾಗ. ನೀರು 3 ಸಲ ಬದಲಿಸಿ, ಮರದ ಸೌಟಿನಲ್ಲಿ ಒತ್ತಿ ಒತ್ತಿ, ಕೊನೆಯ ನೀರು ತಿಳಿಯಾಗುವವರೆಗೆ. ತೂಕ 172 ಗ್ರಾಂ.

ಉಂಡೆಯನ್ನು ನೀರು ತುಂಬಿದ ಬಟ್ಟಲಿನಲ್ಲಿ ಮುಳುಗಿಸಿ ಫ್ರಿಜ್ಜಿಗೆ. ಗಾಳಿ ತಾಗದ ಕಾರಣ ಬೇರೆ ಅಡುಗೆಯ ವಾಸನೆ ಹಿಡಿಯುವುದಿಲ್ಲ. ನೀರನ್ನು ದಿನಾ ಬದಲಿಸಬೇಕು.

ದಿನ 13: ಮಜ್ಜಿಗೆಯ ಎರಡು ಅಡುಗೆ

4 ಲೀಟರಿಗೂ ಮೀರಿ ಮಜ್ಜಿಗೆ ಉಳಿದಿತ್ತು. ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕೊಬ್ಬು ತೀರ ಕಡಿಮೆ ಇರುವುದರಿಂದ ಬಿಸಿಗೆ ಬೇಗ ಒಡೆಯುತ್ತದೆ. ಇದನ್ನು ಮರೆತು ಮಾಡಿದ ಬೂದುಗುಂಬಳದ ಮಜ್ಜಿಗೆಹುಳಿ ಕುದಿ ಬಂದ ಒಂದೇ ನಿಮಿಷಕ್ಕೆ ನೀರು ನೀರಾಗಿ ಒಡೆಯಿತು.

ಎರಡನೇ ಸಲ: ಅರ್ಧ ಕಿಲೋ ಬೂದುಗುಂಬಳ ಬೇಯಿಸಿ, ಅರ್ಧ ಕಡಿ (ತೆಂಗಿನಕಾಯಿಯ ಹೋಳು) ತೆಂಗಿನ ತುರಿ, 3 ಹಸಿಮೆಣಸು, ಅರ್ಧ ಚಮಚ ಜೀರಿಗೆಯ ಜೊತೆ ಒಂದೂವರೆ ಚಮಚ ನೆನೆಸಿದ ಅಕ್ಕಿಯನ್ನೂ ಸೇರಿಸಿ ನುಣ್ಣಗೆ ರುಬ್ಬಿ ಬೆಂದ ಹೋಳುಗಳಿಗೆ ಹಾಕಿ ಚೆನ್ನಾಗಿ ಕುದಿಸಿದ್ದು. ಉರಿ ತಗ್ಗಿಸಿದ ಮೇಲೆ 600 ಮಿ.ಲೀ. ಮಜ್ಜಿಗೆ. ಒಂದೇ ದಿಕ್ಕಿಗೆ ತಿರುವುತ್ತಾ, ಅಂಚಿನಲ್ಲಿ ಮೊದಲ ಗುಳ್ಳೆ ಕಂಡ ಕೂಡಲೇ ಇಳಿಸುವುದು. ಅಕ್ಕಿಯ ಹಿಟ್ಟು ಮಜ್ಜಿಗೆಯ ಗಸಿ ಒಂದುಗೂಡದಂತೆ ಹಿಡಿದಿಡುತ್ತದೆ, ಬೆಣ್ಣೆ ತೆಗೆದ ಮಜ್ಜಿಗೆಯಲ್ಲೂ ಸಾರು ಕೆನೆಯಂತೆ ದಪ್ಪಗಿರುತ್ತದೆ.

ಒಂದೆಲಗದ ತಂಬುಳಿಗೆ ಈ ಚಿಂತೆಯಿಲ್ಲ, ಅದನ್ನು ಕಾಯಿಸುವುದೇ ಇಲ್ಲ. ಒಂದು ಹಿಡಿ ಎಲೆ, 6 ಕಾಳುಮೆಣಸು, ಅರ್ಧ ಚಮಚ ಜೀರಿಗೆಯನ್ನು ಒಂದು ಚಮಚ ತುಪ್ಪದಲ್ಲಿ ಬಾಡಿಸಿ, ಕಾಲು ಕಡಿ ಕಾಯಿಯ ಜೊತೆ ರುಬ್ಬಿ, ಪೂರ್ತಿ ಆರಿದ ಮೇಲೆ 300 ಮಿ.ಲೀ. ಮಜ್ಜಿಗೆ. ರುಬ್ಬಿದ್ದು ಬಿಸಿ ಇರುವಾಗಲೇ ಮಜ್ಜಿಗೆ ಸುರಿದರೆ ಇದೂ ಒಡೆಯುತ್ತದೆ.

ದಿನ 14: ಎರಡನೇ ಕೆನೆ, ಮಿಕ್ಸಿಯಲ್ಲಿ

455 ಗ್ರಾಂ ಹುಳಿ ಕೆನೆ. ಫ್ರಿಜ್ಜಿನಿಂದ ತೆಗೆದ ಕೂಡಲೇ 7 ಡಿಗ್ರಿಯಲ್ಲೇ ಜಾರಿಗೆ ಹಾಕಿ ತಿರುಗಿಸಿದೆವು. ಒಂದು ನಿಮಿಷಕ್ಕೆ ಕೆನೆ ಕೇಕಿನ ಮೇಲಿನ ಕ್ರೀಮಿನಂತೆ ಉಬ್ಬಿ ಜಾರಿನ ಗೋಡೆಗೆ ಅಂಟಿಕೊಂಡಿತು. ಬ್ಲೇಡು ನಡುವಿನ ಪೊಳ್ಳಿನಲ್ಲಿ ಸುಮ್ಮನೆ ತಿರುಗುತ್ತಿತ್ತು. ಹೀಗೆಯೇ ಓಡಿಸುತ್ತಿದ್ದರೆ ಮೋಟರು ಕಾಯುತ್ತದೆ, ಕೆನೆಯ ಒಂದು ಭಾಗ ಬಿಸಿಯಾಗಿ ಎಣ್ಣೆ ಬಿಡುತ್ತದೆ, ಇನ್ನೊಂದು ಭಾಗ ಹಾಗೇ ಉಳಿಯುತ್ತದೆ.

ನಿಲ್ಲಿಸಿ, ಗೋಡೆ ಕೆರೆದು, 350 ಮಿ.ಲೀ. ಸಾದಾ ನೀರು, ಅಂದರೆ ಕೊಡದಲ್ಲಿ ಇದ್ದ 22 ಡಿಗ್ರಿಯ ಬಾವಿ ನೀರು ಸೇರಿಸಿದ್ದು. ಒಟ್ಟು 13 ಡಿಗ್ರಿ. ವಿಪ್ಪರ್ (ಕಡೆಯುವ ಬ್ಲೇಡು) ಹಾಕಿ, ಅತಿ ಕಡಿಮೆ ವೇಗದಲ್ಲಿ 20 ಸೆಕೆಂಡ್ ಓಡಿಸಿ 10 ಸೆಕೆಂಡ್ ಬಿಟ್ಟು, ಒಟ್ಟು 3 ನಿಮಿಷ. ಕಣಕಣವಾಗಿ ಬಿಟ್ಟುಕೊಂಡಿತು. ತೊಳೆದು ಒತ್ತಿದ ಮೇಲೆ 255 ಗ್ರಾಂ.

ಗಮನಿಸಬೇಕಾದ್ದು: ಮೊಸರಿಗೆ 22 ಡಿಗ್ರಿ, ಕೆನೆಗೆ 13. ಕೆನೆಯಲ್ಲಿ ಕೊಬ್ಬು ಸುಮಾರು ಅರ್ಧದಷ್ಟು, ಹನಿಗಳು ಒತ್ತೊತ್ತಾಗಿ ಇರುವುದರಿಂದ ತಣ್ಣಗಿದ್ದರೂ ಕೂಡುತ್ತವೆ. ಮೊಸರಿನಲ್ಲಿ ಅವು ದೂರ ದೂರ, ಸ್ವಲ್ಪ ಮೆದುವಾಗಿದ್ದರೆ ಮಾತ್ರ ಅಂಟುತ್ತವೆ. ಎರಡಕ್ಕೂ ಒಂದೇ ಸಲಹೆ ಹೇಳುವುದರಿಂದಲೇ ಇಷ್ಟೊಂದು ಮನೆಗಳಲ್ಲಿ ಬೆಣ್ಣೆ ಕೆಡುತ್ತಿದೆ.

ಯಾವುದು ಲಾಭ? 4 ಲೀಟರ್ ಹಾಲಿನ ಮೊಸರಿಗೆ 172 ಗ್ರಾಂ, ಲೀಟರಿಗೆ 43. ಹತ್ತೂವರೆ ಲೀಟರ್ ಹಾಲಿನ ಕೆನೆಗೆ 255 ಗ್ರಾಂ, ಲೀಟರಿಗೆ 24. ಮೊಸರು ಕಡೆದರೆ ಬೆಣ್ಣೆ ಹೆಚ್ಚು, ಆದರೆ ಕೆನೆ ತೆಗೆದ ಹಾಲು ಕಾಫಿಗೆ, ಮೊಸರಿಗೆ ಪೂರ್ತಿ ಉಳಿಯುತ್ತದೆ. ಮಜ್ಜಿಗೆ ಖರ್ಚಾಗುವ ದೊಡ್ಡ ಮನೆಗೆ ಮೊಸರಿನ ಕ್ರಮ, ಮೂರು ನಾಲ್ಕು ಜನರ ಮನೆಗೆ ಕೆನೆಯ ಕ್ರಮ ಹೊಂದುತ್ತದೆ. ರುಚಿಯಲ್ಲಿ ಮಾತ್ರ ಮೊಸರಿನ ಬೆಣ್ಣೆಯೇ ಮೇಲು. ಬಿಸಿ ಅಕ್ಕಿರೊಟ್ಟಿಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ತಿಂದರೆ ಯಾರಿಗೂ ಗೊತ್ತಾಗುತ್ತದೆ.

ದಿನ 15: ತುಪ್ಪ, 150 ಗ್ರಾಂ ಎರಡು ಸಲ

ಎರಡೂ ಬೆಣ್ಣೆ ಬೆರೆಸಿ 300 ಗ್ರಾಂ ತೂಗಿ ಎರಡು ಪಾಲು ಮಾಡಿದ್ದು.

ಮೊದಲ ಪಾಲು ಕಂಚಿನ ಉರುಳಿಯಲ್ಲಿ. ಕರಗಿ ಬಿಳಿ ನೊರೆ ಬಂತು, ಆಮೇಲೆ ದೊಡ್ಡ ಗುಳ್ಳೆಗಳ ಚಟಪಟ. ನೀರು ಇರುವಷ್ಟು ಹೊತ್ತು ಥರ್ಮಾಮೀಟರ್ 100ರ ಆಸುಪಾಸಿನಲ್ಲೇ ನಿಂತಿರುತ್ತದೆ. 9ನೇ ನಿಮಿಷಕ್ಕೆ ಸದ್ದು ಅಡಗಿತು, ಗುಳ್ಳೆ ಸಣ್ಣದಾಯಿತು, ಬಿಸಿ ಏರತೊಡಗಿತು. ಗಸಿ ಬಂಗಾರದ ಬಣ್ಣಕ್ಕೆ ಬಂದಾಗ 118 ಡಿಗ್ರಿಯಲ್ಲಿ ಒಲೆ ಆರಿಸಿದೆವು. ಕಂಚು ದಪ್ಪ, ಬಿಸಿ ಬಿಡುವುದಿಲ್ಲ. ಆರಿಸಿದ ಮೇಲೂ ಕಾಯುತ್ತಲೇ ಹೋಗಿ 121ಕ್ಕೆ ಮುಟ್ಟಿತು. 4 ನಿಮಿಷಕ್ಕೆ ಗಸಿ ಕಾಫಿ ಬೀಜದ ಬಣ್ಣ, ತುಪ್ಪಕ್ಕೆ ಸೀದ ವಾಸನೆ. ತಿನ್ನಬಹುದು, ಆದರೆ ಬೆಣ್ಣೆಯ ಪರಿಮಳ ಹೋಗಿತ್ತು. 108 ಗ್ರಾಂ.

ಎರಡನೇ ಪಾಲು ಸ್ಟೀಲ್ ಪಾತ್ರೆಯಲ್ಲಿ. ಗಸಿ ಬಿಳಿ ಎಳ್ಳಿನ ಬಣ್ಣಕ್ಕೆ ತಿರುಗಿದ ಕೂಡಲೇ, 112 ಡಿಗ್ರಿಯಲ್ಲೇ ಇಳಿಸಿ ಒಂದು ವೀಳ್ಯದೆಲೆ ಹರಿದು ಹಾಕಿದ್ದು. ಎಲೆಯ ನೀರು ಚಟಪಟ ಎಂದು ಆರುವಷ್ಟರಲ್ಲಿ ಬಿಸಿಯೂ ಸ್ವಲ್ಪ ತಗ್ಗುತ್ತದೆ, ಎಲೆ ಗರಿಗರಿಯಾದರೆ ನೀರೆಲ್ಲ ಹೋಗಿದೆ ಎಂಬುದಕ್ಕೂ ಗುರುತು. ಒಂದು ನಿಮಿಷ ಬಿಟ್ಟು ಪಂಚೆಯಲ್ಲಿ ಸೋಸಿದೆವು. ಗಸಿ ತೆಳು ಕಂದು, ತುಪ್ಪ ಪಾರದರ್ಶಕ. 112 ಗ್ರಾಂ.

ಇನ್ನೊಂದು ತಪ್ಪು ಆರಿಸುವಾಗ ಆಯಿತು. ಮೊದಲ ತುಪ್ಪದ ಡಬ್ಬಿಯನ್ನು ಕಲ್ಲಿನ ಕಟ್ಟೆಯ ಮೇಲೆ ಇಟ್ಟದ್ದರಿಂದ ಬೇಗ ತಣಿದು ಮೇಣದಂತೆ ನುಣ್ಣಗೆ ಗಟ್ಟಿಯಾಯಿತು. ಎರಡನೆಯದನ್ನು ಬಟ್ಟೆಯಲ್ಲಿ ಸುತ್ತಿ ಅದೇ ಅಕ್ಕಿ ಡ್ರಮ್ಮಿನಲ್ಲಿ ರಾತ್ರಿಯಿಡೀ ಇಟ್ಟಾಗ ಬೆಳಗ್ಗೆ ಹರಳು ಹರಳು. ಹರಳು ನಿಧಾನವಾಗಿ ತಣಿದರೆ ಮಾತ್ರ ಬೆಳೆಯುತ್ತದೆ. ನುಣ್ಣಗಾದ ತುಪ್ಪ ಕೆಟ್ಟದ್ದೇನಲ್ಲ, ಮತ್ತೆ ಕರಗಿಸಿ ನಿಧಾನವಾಗಿ ಆರಿಸಿದರೆ ಅದೂ ಹರಳುಗಟ್ಟುತ್ತದೆ. ಡಬ್ಬಿ ಪೂರ್ತಿ ಆರುವ ಮೊದಲು ಬಿಗಿಯಾಗಿ ಮುಚ್ಚಬಾರದು. ಮುಚ್ಚಳದ ಹನಿ ತುಪ್ಪಕ್ಕೆ ಬಿದ್ದರೆ ಮಳೆಗಾಲದಲ್ಲಿ ಬೂಷ್ಟು ಬರಲು ಅಷ್ಟೇ ಸಾಕು.

ತೆಳು ಕಂದು ಗಸಿಯನ್ನು ಬೆಲ್ಲದ ಪುಡಿ, ಕಾಯಿತುರಿ ಬೆರೆಸಿ ಬಿಸಿ ರೊಟ್ಟಿಗೆ ಸವರಿ ತಿಂದದ್ದು. ಸೀದ ಗಸಿ ಕಹಿ, ಅದನ್ನು ಉಳಿಸಿಕೊಳ್ಳಲು ಹೋಗಬೇಡಿ.

ದಿನ 16: ಬೆಣ್ಣೆ ಚಕ್ಕುಲಿ, ಮೂರು ಅಳತೆ

ಹಿಟ್ಟು: ಅಕ್ಕಿ ಹಿಟ್ಟು 400 ಗ್ರಾಂ, ಹುರಿದು ಬೀಸಿದ ಉದ್ದಿನ ಹಿಟ್ಟು 100 ಗ್ರಾಂ. ಮಳೆಗಾಲದಲ್ಲಿ ಗಿರಣಿಯಿಂದ ಬಂದ ಹಿಟ್ಟಿನಲ್ಲಿ ತೇವ ಇರುತ್ತದೆ. ಅಕ್ಕಿ ಹಿಟ್ಟನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 5 ನಿಮಿಷ ಬೆಚ್ಚಗೆ ಮಾಡಿ, ಬಣ್ಣ ತಿರುಗಗೊಡದೆ ಇಳಿಸಿ, ಜರಡಿ ಹಿಡಿದದ್ದು. ಎರಡೂ ಹಿಟ್ಟಿಗೆ ಉಪ್ಪು 8 ಗ್ರಾಂ, ಜೀರಿಗೆ ಒಂದು ಚಮಚ, ಎಳ್ಳು ಎರಡು ಚಮಚ, ಇಂಗು ಚಿಟಿಕೆ.

ಒಂದನೇ ಅಳತೆ: 100 ಗ್ರಾಂ ಹಿಟ್ಟಿಗೆ 20 ಗ್ರಾಂ ಬೆಣ್ಣೆ. ಬಾಯಲ್ಲಿ ಕರಗಲಿ ಎಂಬ ಆಸೆಯಿಂದ ಹಾಕಿದ್ದು. ಎಣ್ಣೆಗೆ ಬಿಟ್ಟ ಕೂಡಲೇ ನೊರೆ ಬಾಣಲೆಯ ಅಂಚಿಗೆ ಬಂತು, ಸುರುಳಿ ಬಿಚ್ಚಿಕೊಂಡು ಪುಡಿಪುಡಿಯಾಗಿ ತಳ ಸೇರಿತು. ಕೊಬ್ಬು ಹಿಟ್ಟಿನ ಕಣವನ್ನೆಲ್ಲ ಸುತ್ತಿಕೊಂಡರೆ ನೀರು ಸೇರಿ ಅಂಟು ಬರಲು ಜಾಗವೇ ಇರುವುದಿಲ್ಲ. ಆ ಎಣ್ಣೆಯನ್ನು ಸೋಸಿದ ಮೇಲೇ ಮುಂದಿನ ಕೆಲಸ.

ಎರಡನೇ ಅಳತೆ: 100 ಗ್ರಾಂಗೆ 5 ಗ್ರಾಂ. ಆಕಾರ ಚೆನ್ನ, ಹಲ್ಲಿಗೆ ಕಲ್ಲು.

ಮೂರನೇ ಅಳತೆ: ಉಳಿದ 300 ಗ್ರಾಂಗೆ 30 ಗ್ರಾಂ, ಅಂದರೆ ಹತ್ತಕ್ಕೆ ಒಂದು. ಇದೇ ಸರಿ. ಬೆಣ್ಣೆಯನ್ನು ಕರಗಿಸದೆ, ಮೆದುವಾಗಿದ್ದಾಗಲೇ ಹಿಟ್ಟಿಗೆ ಹಾಕಿ ಎರಡೂ ಅಂಗೈಯಲ್ಲಿ 4 ನಿಮಿಷ ಉಜ್ಜಬೇಕು. ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಆಮೇಲೆ ಬಿಸಿನೀರು 200 ಮಿ.ಲೀ. ಸ್ವಲ್ಪ ಸ್ವಲ್ಪವಾಗಿ. ಒಮ್ಮೆಗೆ ಒತ್ತಿಗೆ ಹಿಡಿಯುವಷ್ಟನ್ನೇ ನಾದಿ, ಉಳಿದದ್ದನ್ನು ಒದ್ದೆ ಬಟ್ಟೆಯಡಿ ಮುಚ್ಚಿಡಿ. ಹಿಟ್ಟು ಒಣಗಿದರೆ ಒತ್ತುವಾಗ ಎಳೆ ತುಂಡಾಗುತ್ತದೆ, ಅದನ್ನು ಬೆಣ್ಣೆ ಹೆಚ್ಚಾಯಿತೆಂದು ತಪ್ಪು ತಿಳಿಯುವವರು ಬಹಳ.

ಎಣ್ಣೆ 165 ಡಿಗ್ರಿ. ಚಕ್ಕುಲಿ ಬಿಟ್ಟಾಗ 150ಕ್ಕೆ ಇಳಿಯುತ್ತದೆ, ಒಮ್ಮೆಗೆ 4ಕ್ಕಿಂತ ಹೆಚ್ಚು ಬೇಡ. ಗುಳ್ಳೆ ಪೂರ್ತಿ ಅಡಗುವವರೆಗೆ, ಸುಮಾರು 6 ನಿಮಿಷ. ಬಣ್ಣ ನೋಡಿ ಇಳಿಸಿದ ಮೊದಲ 4 ಚಕ್ಕುಲಿ ಸಂಜೆಗೆ ನಡುವಿನಲ್ಲಿ ಮೆತ್ತಗಾದವು. ಮನೆ ಬೆಣ್ಣೆಯ ಚಕ್ಕುಲಿ ಬೇಗ ಕೆಂಪಗಾಗುತ್ತದೆ, ಆದ್ದರಿಂದ ಬಣ್ಣವನ್ನು ನಂಬದೆ ಗುಳ್ಳೆಯನ್ನು ನಂಬಬೇಕು. ಒಟ್ಟು 23 ಚಕ್ಕುಲಿ.

ಉಪ್ಪು ಹಾಕಿದ ಅಂಗಡಿ ಬೆಣ್ಣೆ ಬಳಸುವುದಾದರೆ ಹಿಟ್ಟಿನ ಉಪ್ಪನ್ನು ಕಡಿಮೆ ಮಾಡಿ.

ದಿನ 17: ಹಾಲುಬಾಯಿ

ಅಕ್ಕಿ 200 ಗ್ರಾಂ 4 ಗಂಟೆ ನೆನೆಸಿದ್ದು, ತೆಂಗಿನ ತುರಿ 120 ಗ್ರಾಂ, ಬೆಲ್ಲ 250 ಗ್ರಾಂ, ನೀರು ರುಬ್ಬುವುದಕ್ಕೂ ಸೇರಿ 1.2 ಲೀಟರ್, ಎರಡನೇ ಪಾಲಿನ ತುಪ್ಪ 60 ಗ್ರಾಂ, ಏಲಕ್ಕಿ 4, ಉಪ್ಪು ಚಿಟಿಕೆ.

ಮೊದಲ ಪ್ರಯತ್ನದಲ್ಲಿ ಬೆಲ್ಲದ ನೀರು ಕುದಿಯುವಾಗ ರುಬ್ಬಿದ ಹಿಟ್ಟನ್ನು ಸುರಿದೆವು. ಅಕ್ಕಿ ಹಿಟ್ಟು ಸುಮಾರು 70 ಡಿಗ್ರಿ ದಾಟಿದರೆ ಬೆಂದು ಗಟ್ಟಿಯಾಗತೊಡಗುತ್ತದೆ. ಕುದಿಯುವ ನೀರಿಗೆ ಬಿದ್ದ ಕೂಡಲೇ ಹೊರಗೆ ಬೆಂದು, ಒಳಗೆ ಹಸಿಯಾಗಿ, ನೆಲ್ಲಿಕಾಯಿ ಗಾತ್ರದ ಗಂಟುಗಳಾದವು. ಎಷ್ಟು ತಿರುವಿದರೂ ಒಡೆಯಲಿಲ್ಲ. ಇನ್ನೂ ತುಪ್ಪ ಹಾಕಿರಲಿಲ್ಲ, ಅಷ್ಟು ಉಳಿಯಿತು.

ಎರಡನೇ ಪ್ರಯತ್ನ: ಅಕ್ಕಿ, ಕಾಯಿ ನುಣ್ಣಗೆ ರುಬ್ಬಿ ಪಂಚೆಯಲ್ಲಿ ಸೋಸಿ, ಚರಟವನ್ನು ಮತ್ತೊಮ್ಮೆ ರುಬ್ಬಿ ಸೋಸಿದ್ದು. ಬೆಲ್ಲವನ್ನು ಬಿಸಿನೀರಲ್ಲಿ ಕರಗಿಸಿ ಮಣ್ಣು ಸೋಸಿ ಆರಿಸಿದ್ದು. ಎರಡನ್ನೂ ತಣ್ಣಗಿರುವಾಗಲೇ ಬೆರೆಸಿ ಒಲೆಯ ಮೇಲೆ ಇಟ್ಟದ್ದು. ಮೊದಲ 8 ನಿಮಿಷ ಏನೂ ಆಗುವುದಿಲ್ಲ, ಆದರೂ ಕೈ ಬಿಡಬಾರದು, ಹಿಟ್ಟು ತಳಕ್ಕೆ ಇಳಿಯುತ್ತಿರುತ್ತದೆ. 10ನೇ ನಿಮಿಷಕ್ಕೆ ಒಮ್ಮೆಲೇ ದಪ್ಪ. ಆಗ ಉರಿ ತೀರ ಸಣ್ಣ ಮಾಡಿ 20 ಗ್ರಾಂ ತುಪ್ಪ. ಮುಂಚೆ ಹಾಕಿದರೆ ನೀರಿನ ಮೇಲೆ ತೇಲುತ್ತದೆ, ಸೇರುವುದಿಲ್ಲ. 22ನೇ ನಿಮಿಷ ಇನ್ನು 20 ಗ್ರಾಂ. ಅಂಚು ಬಿಟ್ಟು ಮುದ್ದೆಯಾಗಿ ಸೌಟಿನ ಹಿಂದೆ ಬರತೊಡಗಿದಾಗ, 31ನೇ ನಿಮಿಷಕ್ಕೆ, ಕೊನೆಯ 20 ಗ್ರಾಂ ಮತ್ತು ಏಲಕ್ಕಿ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. 36 ನಿಮಿಷಕ್ಕೆ ಇಳಿಸಿ, ತುಪ್ಪ ಸವರಿದ ತಟ್ಟೆಗೆ ಎರಡು ಬೆರಳು ದಪ್ಪ ಸುರಿದು, ಎರಡು ಗಂಟೆ ಬಿಟ್ಟು ಕೊಯ್ದದ್ದು. ಚೂರಿ ಹಾಕಿದ ಗೋಡೆ ನುಣ್ಣಗೆ ಹೊಳೆಯಿತು, ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆದ್ದಿತು.

ಜೋನಿಬೆಲ್ಲ (ನೀರುಬೆಲ್ಲ) ಇದ್ದವರು 300 ಗ್ರಾಂ ಹಾಕಿ ನೀರು 100 ಮಿ.ಲೀ. ಕಡಿಮೆ ಮಾಡಬೇಕು. ಹೆಸರಿನಲ್ಲಿ ಹಾಲು ಇದೆಯೆಂದು ಹಸುವಿನ ಹಾಲು ಸೇರಿಸಿ ಬೆಲ್ಲದ ಜೊತೆ ಕುದಿಸಿದರೆ ಒಡೆಯುವುದೇ ಹೆಚ್ಚು. ಇನ್ನೂ ಮೆದು ಬೇಕಿದ್ದರೆ ನೀರಿನ ಕಾಲು ಭಾಗಕ್ಕೆ ಕಾಯಿಹಾಲು ಹಾಕಿ. ಕಾಯಿ ಸೇರಿದ ತಿಂಡಿಯಾದ್ದರಿಂದ ಹೊರಗೆ ಒಂದೇ ದಿನ, ಫ್ರಿಜ್ಜಿನಲ್ಲಿ 3 ದಿನ.

ದಿನ 21: ಡಬ್ಬಿಗಳ ತಪಾಸಣೆ

ಚಕ್ಕುಲಿ: ಅರ್ಧವನ್ನು ಸಾದಾ ಮುಚ್ಚಳದ ಡಬ್ಬಿಯಲ್ಲಿ, ಅರ್ಧವನ್ನು ರಬ್ಬರ್ ಪಟ್ಟಿಯ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿತ್ತು. ಸಾದಾ ಡಬ್ಬಿಯದ್ದು 3ನೇ ದಿನವೇ ಮೆತ್ತಗಾಗಿತ್ತು. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ 6 ನಿಮಿಷ ಬೆಚ್ಚಗೆ ಮಾಡಿ ಆರಿಸಿದಾಗ ಮತ್ತೆ ಗರಿಗರಿ. ಬಿಗಿ ಡಬ್ಬಿಯದ್ದು ಇನ್ನೂ ಮುರಿದರೆ ಸದ್ದು ಮಾಡುತ್ತಿದೆ.

ಬೆಣ್ಣೆ: ನೀರಿನಲ್ಲಿ ಮುಳುಗಿಸಿಟ್ಟ ಕೊನೆಯ 18 ಗ್ರಾಂ ವಾಸನೆಯಿಲ್ಲದೆ ಉಳಿದಿದೆ, ಬಣ್ಣ ಮಾತ್ರ ಅಂಚಿನಲ್ಲಿ ಸ್ವಲ್ಪ ಬಿಳಿಚಿದೆ.

ತುಪ್ಪ: ಸೀದ ಮೊದಲ ಪಾಲನ್ನು ಒಗ್ಗರಣೆಗೆ ಬೇರೆ ಇಟ್ಟಿದೆ. ಎರಡನೇ ಪಾಲಿನಲ್ಲಿ ತಟ್ಟೆಗೆ ಸವರಿದ್ದು, ಹಾಲುಬಾಯಿ ಎಲ್ಲ ಕಳೆದು ಉಳಿದದ್ದು 40 ಗ್ರಾಂ, ಹರಳು ಹಾಗೇ ಇದೆ. ಮೂರನೇ ಕೆನೆಯ ಡಬ್ಬಿಗೆ ಇವತ್ತು ಬೆಳಗ್ಗೆ 2 ಚಮಚ ಹೆಪ್ಪು ಹಾಕಿ ಒಲೆಯ ಪಕ್ಕ ಇಟ್ಟಾಗಿದೆ.